ಭಾವ ಅಗ್ಗಕ್ಕೆ ಕೊಟ್ಟ ಪ್ಯಾರಾವಿಂಗ್

ಭಾವನವರಿಗೆ ನಮಸ್ಕಾರ.

ರಾತ್ರಿ ಎರಡೂವರೆ. ಹಜಾರದಲ್ಲಿ ಬಟ್ಟೆಯ ಸರಪರ ಸದ್ದಿಗೆ ಎಚ್ಚರವಾಯಿತು. ಮಗು ಆಗಷ್ಟೇ ಮಲಗಿತ್ತು. ಎದ್ದು ನೋಡಿದರೆ ನಿಮ್ಮ ತಮ್ಮ, ನೀವು ಮಾರಿದ ಪ್ಯಾರಾವಿಂಗನ್ನು, ಆ ಬಟ್ಟೆಯ ರೆಕ್ಕೆಯನ್ನು, ನೆಲದ ಮೇಲೆ ಹರಡಿಕೊಂಡು ಕೂತಿದ್ದಾರೆ. ಬೆಳಕು ಹರಿಯುತ್ತಲೇ ಅದನ್ನು ಗಾಳಿಗೆ ಹಿಡಿದು, ನೀರಿನಿಂದ ಮೇಲೆದ್ದು ಓಡುವ ಫಾಯಿಲ್ ಹಲಗೆಯ ಮೇಲೆ ನಿಂತು ಸಮುದ್ರಕ್ಕೆ ಹೋಗುತ್ತಾರಂತೆ.

ನಾನೂ ಮೊಬೈಲಿನಲ್ಲಿ ಅಂಗಡಿಗಳ ಬೆಲೆ ನೋಡಿದೆ. ಒಂದು ಪದರದ್ದು, ಎರಡು ಪದರದ್ದು, ಎಲ್ಲ ಹೋಲಿಸಿದೆ. ಇದೇ ವಿನ್ಯಾಸದ ಹಳೆಯದಕ್ಕೂ ನೀವು ತೆಗೆದುಕೊಂಡದ್ದರ ಎರಡರಷ್ಟು ಬೆಲೆಯಿದೆ.

"ಸ್ವಂತ ಅಣ್ಣ ಕಣೇ, ನನ್ನ ಹತ್ರ ಲಾಭ ನೋಡ್ತಾನಾ?" ಎಂದು ಇವರು ನಕ್ಕರು.

ನನಗೆ ನಗು ಬರಲಿಲ್ಲ. ರೆಕ್ಕೆಯನ್ನು ಹಿಡಿದೆಳೆಯುವ ದಾರಗಳಲ್ಲಿ ಎಡಬದಿಯವು ಮಾತ್ರ ಹೊಸವು. ಅಲ್ಲೇ ಬಟ್ಟೆಗೊಂದು ತೇಪೆಯೂ ಇದೆ. ಹೋದ ತಿಂಗಳು ನಿಮ್ಮ ಭುಜಕ್ಕೆ ಪೆಟ್ಟಾದದ್ದು ಮೆಟ್ಟಿಲಲ್ಲಿ ಜಾರಿ ಎಂದಿರಿ. ಇರಬಹುದು. ನಿಮ್ಮ ಪಕ್ಕದಲ್ಲಿದ್ದ ಅಕ್ಕ ಮಾತ್ರ ಆಗ ತಲೆ ಎತ್ತಲಿಲ್ಲ.

ನನ್ನ ಮಾತನ್ನು ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ನಿಮ್ಮ ಮಾತನ್ನು ಮೀರುವುದಿಲ್ಲ. ಆ ರೆಕ್ಕೆ ಸರಿಯಿಲ್ಲದಿದ್ದರೆ "ನನಗೆ ವಾಪಸ್ ಬೇಕು" ಎಂದಷ್ಟೇ ಹೇಳಿ. ಕಾರಣವನ್ನು ನಾನು ಎಂದೂ ಕೇಳುವುದಿಲ್ಲ. ಇದನ್ನು ನಿಮ್ಮ ಮೊಬೈಲಿಗೆ ಕಳಿಸುತ್ತಿದ್ದೇನೆ. ನೋಡಿದ ಕೂಡಲೇ, ಬೆಳಗಾಗುವ ಮೊದಲು, ದಯವಿಟ್ಟು ಇವರಿಗೊಂದು ಫೋನ್ ಮಾಡಿ.

ನಿಮ್ಮ ತಮ್ಮನ ಹೆಂಡತಿ