‘ನಾಯಿ’ ಎಂದರೆ ‘ಇಲ್ಲ’

ಪ್ರೀತಿಯ ಗುಬ್ಬಿ,

ಈ ಕಾಗದವನ್ನು ಮೂರು ಸಲ ಶುರುಮಾಡಿ ಹರಿದಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿನ್ನೆ ಅಂಗಡಿಯಲ್ಲಿ ಒಂದು ಕನ್ನಡಕಕ್ಕೆ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಮಾಲೀಕರಿಂದ ಬೈಸಿಕೊಂಡೆ. ಮೂವತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ನೀನು ಮನೆ ಬಿಟ್ಟು ಏಳು ವಾರವಾಯಿತು. ಪರೀಕ್ಷೆ ಬಿಟ್ಟು ಚಿತ್ರಕಥೆಗಳ ಸ್ಟುಡಿಯೋ ಸೇರುತ್ತೇನೆ ಎಂದೆ ನೀನು. ನಿನ್ನ ಮಾಂಗಾ ಪುಸ್ತಕಗಳನ್ನು, ಆ ಜಪಾನಿ ಚಿತ್ರಕಥೆಗಳನ್ನೆಲ್ಲ, ರದ್ದಿಗೆ ಹಾಕಲು ಚೀಲಕ್ಕೆ ತುಂಬಿದೆ ನಾನು. “ಹೆಸರು ಓದೋಕೇ ಬರಲ್ಲ ನಿಂಗೆ. ಒಳಗಿರೋದು ಕಸ ಅಂತ ಹೇಗೆ ಗೊತ್ತಾಯ್ತು?” ಎಂದು ಕೇಳಿ ನೀನು ಹೊರಟುಹೋದೆ. ಆ ಮಾತು ಒಳಗೇ ಚುಚ್ಚುತ್ತಿತ್ತು. ಕೊನೆಗೆ ಚೀಲ ಬಿಚ್ಚಿದೆ.

ಗ್ರಂಥಾಲಯದಿಂದ ಜಪಾನಿ ನಿಘಂಟು ತಂದೆ. “ಹೆದರ್ಬೇಡಿ, ಮಾತಿನ ಜೋಡಣೆ ನಮ್ಮ ಥರಾನೇ. ಕ್ರಿಯಾಪದ ಕೊನೇಲೇ ಬರುತ್ತೆ” ಎಂದು ಅಲ್ಲಿನ ಮೇಡಂ ಧೈರ್ಯ ಹೇಳಿ, ಪುಸ್ತಕಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ‘ಅಮೆ ನೊ ಕಗಿ’ ಎಂಬ ಹೆಸರು ಸಲೀಸಾಗಿ ಬಿಡಿಸಿಕೊಂಡಿತು: ಮಳೆಯ ಬೀಗದಕೈ. ದಿನಕ್ಕೊಂದು ಹೆಸರಿನ ಅರ್ಥ ಹುಡುಕಿ ನಿನಗೆ ಮೆಸೇಜ್ ಮಾಡಿದೆ. ನೀನು ಓದಿದ್ದು ಗೊತ್ತಾಗುತ್ತಿತ್ತು. ಉತ್ತರ ಮಾತ್ರ ಇಲ್ಲ.

‘ಕಾಎರನಾಯಿ ಹಿ’ ಯಾವುದೋ ನಾಯಿಯ ಕಥೆ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ಅಲ್ಲಿ ‘ನಾಯಿ’ ಎಂದರೆ ‘ಇಲ್ಲ’! ‘ಕಾಎರು’ ಎಂದರೆ ಮರಳುವುದು, ‘ಹಿ’ ಎಂದರೆ ದಿನ. ಮರಳದ ದಿನ. ನೀನು ನನ್ನ ಹೆಗಲೇರಿ ಪೇಟೆ ಸುತ್ತುತ್ತಿದ್ದ ಕಾಲ ನೆನಪಾಯಿತು. ‘ಹೋದ ಒಳ್ಳೆಯ ದಿನ ಇನ್ನು ಬಾರದು’ ಎಂದು ಬರೆದು ಕಳಿಸಿದೆ. ಆಗ ಬಂತು ನಿನ್ನ ಮೊದಲ ಉತ್ತರ: “ತಪ್ಪು ಅಪ್ಪಾ. ಮರಳದೇ ಇರೋದು ದಿನ ಅಲ್ಲ.”

ಏಳು ವಾರದ ಮೇಲೆ ನೀನು ‘ಅಪ್ಪಾ’ ಎಂದಿದ್ದೆ. ಅದನ್ನೇ ಹತ್ತು ಸಲ ಓದಿದೆ. ಆಮೇಲೆ ಪುಸ್ತಕ ತೆರೆದೆ. ಮೊದಲ ಪುಟದಲ್ಲೇ ಬಸ್ ನಿಲ್ದಾಣದಲ್ಲೊಬ್ಬಳು ಹುಡುಗಿ, ಮಡಿಲಲ್ಲಿ ಬ್ಯಾಗು. ಒಂದಾದ ಮೇಲೊಂದು ಬಸ್ಸು ಹೋಗುತ್ತದೆ, ಅವಳು ಏಳುವುದಿಲ್ಲ. ಮನೆಗೆ ಅವಳು ಮರಳದ ದಿನ. ‘ಮರಳದ ದಿನ’ ಎಂಬ ನನ್ನ ಭಾಷೆಯ ಎರಡೇ ಪದದಲ್ಲಿ ಎರಡರ್ಥವೂ ಇತ್ತು. ನನಗೆ ಹಿತವಾದದ್ದನ್ನು ಮಾತ್ರ ಓದಿಕೊಂಡಿದ್ದೆ.

ಒಂದು ವಿಷಯ ಹೇಳಲೇಬೇಕು. ನೀನು ಹೊರಟುಹೋದ ಸಂಜೆ ಊರೆಲ್ಲ ಹುಡುಕಿದೆ ಎಂದು ನಿನ್ನ ಅತ್ತೆಗೆ ಹೇಳಿದ್ದು ಸುಳ್ಳು. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ, ಅಷ್ಟೆ. ತಾನಾಗಿಯೇ ಬರುತ್ತಾಳೆ, ನಾನೇಕೆ ಇಳಿಯಲಿ ಎಂಬ ಹಟ. ಆ ರಾತ್ರಿ ನೀನು ಎಲ್ಲಿದ್ದೆ ಮಗಳೇ? ಊಟ ಮಾಡಿದೆಯಾ? ಯಾರಾದರೂ ಜೊತೆಗಿದ್ದರಾ? ಇದನ್ನು ಇಷ್ಟು ದಿನ ಕೇಳದೆ ಹೇಗಿದ್ದೆನೋ ಗೊತ್ತಿಲ್ಲ.

ಸೋಮವಾರ ನನಗೆ ರಜೆ. ನೀನು ಸೇರಿರುವ ಸ್ಟುಡಿಯೋ ಗೇಟಿನ ಹತ್ತಿರ ಬರುತ್ತೇನೆ. ಕರೆದೊಯ್ಯಲು ಅಲ್ಲ, ಕೇಳಿಸಿಕೊಳ್ಳಲು. ಆ ಸಂಜೆ ಬಾಗಿಲಲ್ಲೇ ನಿಂತಿದ್ದ ಕಾಲು ಈಗ ಸೋಮವಾರದ ತನಕ ತಡೆಯುತ್ತಿಲ್ಲ.

ಹಿಡಿದ ಪೆನ್ಸಿಲ್ ನಿನ್ನ ಕೈಯಲ್ಲಿ ಎಂದೂ ನಡುಗದಿರಲಿ. ಚೆನ್ನಾಗಿರು ಕಂದಾ.

ತಡವಾಗಿ ಹೊರಟ ನಿನ್ನ
ಅಪ್ಪ