ಹಾಸಿಗೆ ಬಡಿದು ಕಲಿತ ಏಟು

ಮಗನೇ, ನಿನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು? “ಚೆಂಡನ್ನು ಬೇಲಿ ದಾಟಿಸದಿದ್ದರೆ ಆಟ ಬಿಡು” ಎಂಬ ನಿನ್ನ ಕಾಗದ ಮೊಮ್ಮಗಳ ದಿಂಬಿನಡಿ ಸಿಕ್ಕಿತು. ಅದಕ್ಕೇ ಅವಳು ಬೇಸ್‌ಬಾಲ್ ದಾಂಡನ್ನು ಕತ್ತು ಹಿಸುಕುವಂತೆ ಹಿಡಿದು ಒಂದು ಚೆಂಡನ್ನೂ ಹೊಡೆಯಲಾಗದೆ ಒದ್ದಾಡುತ್ತಿದ್ದಳು. ಹಗ್ಗಕ್ಕೆ ಹಾಸಿಗೆ ನೇತುಹಾಕಿ, ಅವಳ ಕೈಗೆ ಕೋಲು ಕೊಟ್ಟು ದೂಳು ಹೊಡೆಸಿದೆ.

“ಮೊದ್ಲು ಸೊಂಟ ತಿರುಗ್ಲಿ ಕಣೇ, ಕೈ ತಾನಾಗೇ ಬರುತ್ತೆ. ಹಾಸಿಗೆಯ ಆ ತೇಪೆ ಮೇಲೆ ಕಣ್ಣಿಡು, ನಿಮ್ಮಪ್ಪನ ಕಾಗದದ ಮೇಲಲ್ಲ.”

“ನಮ್ಮ ಕೋಚೂ ಇದನ್ನೇ ಹೇಳೋದು ಅಜ್ಜಿ, ಆದ್ರೆ ಬೈಯಲ್ಲ.”

ಮರುದಿನ ಅಭ್ಯಾಸದಲ್ಲಿ ಹತ್ತರಲ್ಲಿ ಆರು ಚೆಂಡು ದಾಂಡಿಗೆ ಸಿಕ್ಕವು. ಒಂದೂ ಬೇಲಿ ದಾಟಲಿಲ್ಲ, ಆದರೂ ನಗುತ್ತ ಬಂದಳು.

ನನ್ನ ಮಂಡಿನೋವಿನ ಎಣ್ಣೆ ಮುಗಿದಿದೆ, ಕಳಿಸು. ತಂಡದ ಆಯ್ಕೆ ಬರುವ ತಿಂಗಳ ಒಂದನೇ ತಾರೀಕು. ಅದಕ್ಕೆ ಮೊದಲೇ “ತಪ್ಪಿದರೂ ನೀನು ನನ್ನ ಮಗಳೇ” ಎಂದು ಅವಳಿಗೆ ಬರೆ.

ನಿನ್ನವ್ವ