ಹದಿನೇಳನೇ ನಂಬರ್ ಕಾರ್ಡು

ಜೂನ್ 4, ಮಂಗಳವಾರ
ಹೆರನ್ಸ್ 6, ಎದುರಾಳಿ 2.

ನಮ್ಮೂರ ಬೇಸ್‌ಬಾಲ್ ತಂಡ ಗೆದ್ದಿತು. ಕೊನೆಯವರೆಗೂ ಕೂತಿದ್ದೆ, ಎಂದಿನಂತೆ. ಬೆಳಿಗ್ಗೆ ಆಲ್ಬಂ ತೆಗೆದು ಒರೆಸಿದೆ. 1979ರ ಪೊಲೀಸ್ ಸೆಟ್, ಪೊಲೀಸರು ಹಂಚಿದ ಆಟಗಾರರ ಫೋಟೋ ಕಾರ್ಡುಗಳು. ಇಪ್ಪತ್ನಾಲ್ಕು ಕಾರ್ಡಿನಲ್ಲಿ ಇಪ್ಪತ್ಮೂರು. ಹದಿನೇಳರ ಜಾಗ ಖಾಲಿ. ಲೆಸ್ಟರ್ ಕ್ವಿಲ್, ಎಡಗೈಯಲ್ಲಿ ಚೆಂಡು ಎಸೆಯುತ್ತಿದ್ದ ನಮ್ಮ ಪಿಚರ್... ಎಲ್ಲಿದ್ದೀಯೋ ಮಹಾರಾಯ.

ಗಂಡ ನಾರ್ಬ್ ಕಾಫಿ ಹಿಡಿದುಕೊಂಡು ಬಂದ. "ಬಿದ್ದ ಹಲ್ಲಿನ ಜಾಗಾನ ದಿನಾ ಕನ್ನಡೀಲಿ ನೋಡ್ಕೋತಾರೇನೇ ಯಾರಾದ್ರೂ?"

"ಕೂದಲು ಉದುರಿದಾಗ ಎರಡು ವರ್ಷ ಕನ್ನಡಿ ಬಿಟ್ಟು ಕದಲದೇ ಇದ್ದೋರು ಯಾರಪ್ಪಾ?"

ನಾರ್ಬ್ ನೆತ್ತಿ ಸವರಿಕೊಂಡು ಕಾಫಿ ಕುಡಿದ.

ಮಧ್ಯಾಹ್ನ ಕ್ಲಬ್ಬಿನಿಂದ ಪತ್ರ. ಸ್ಟೇಡಿಯಮ್ಮಿಗೆ ಎಪ್ಪತ್ತೈದು ವರ್ಷ. ಜುಲೈ 28ಕ್ಕೆ ಸಮಾರಂಭ. 79ರ ಪೂರ್ತಿ ಸೆಟ್ ಯಾರು ಮೊದಲು ತರುತ್ತಾರೋ ಅವರದ್ದು ಮುಖ್ಯ ಗೇಟಿನ ಗಾಜಿನ ಪೆಟ್ಟಿಗೆಯಲ್ಲಿ. ಕೆಳಗೆ ಹಿತ್ತಾಳೆ ಫಲಕದಲ್ಲಿ ಅವರ ಹೆಸರು. ಶಾಶ್ವತವಾಗಿ.

ಎರಡು ಸಲ ಓದಿದೆ. ಊರಲ್ಲಿ ಇಪ್ಪತ್ಮೂರು ಕಾರ್ಡು ಇರುವುದು ಇಬ್ಬರ ಹತ್ತಿರ. ನಾನು. ಇನ್ನೊಬ್ಬ ವೆಂಡೆಲ್ ಸ್ಟೌಫರ್. ಅವನ ಹೆಸರು ಆ ಗೇಟಿನಲ್ಲಿ ಬಿದ್ದರೆ ನಾನು ಆ ಗೇಟು ದಾಟುವುದಿಲ್ಲ, ಸತ್ಯವಾಗಿ.

ಜೂನ್ 15, ಶನಿವಾರ
ಹೆರನ್ಸ್ 3, ಎದುರಾಳಿ 4.

ವೆಂಡೆಲ್ ಹನ್ನೊಂದು ವರ್ಷದಿಂದ ನನ್ನ ಪಕ್ಕದ ಸೀಟು. ಕಾರ್ಡಿನ ಅಂಗಡಿ ಇಟ್ಟಿದ್ದಾನೆ. ಆಟಕ್ಕೆ ಒಂಬತ್ತು ಇನ್ನಿಂಗ್ಸ್; ಏಳನೆಯದು ಮುಗಿದರೆ ಸಾಕು, ಎದ್ದು ಓಡುತ್ತಾನೆ. ಪಾರ್ಕಿಂಗ್‌ನಲ್ಲಿ ಕಾರು ಸಿಕ್ಕಿಕೊಳ್ಳುತ್ತದಂತೆ. ಊಟದ ನಡುವೆ ಎಲೆ ಬಿಟ್ಟು ಏಳುವವನು. ಇವನೂ ಅಭಿಮಾನಿ!

ಇವತ್ತು ಹಾಟ್ ಡಾಗ್ ಅಗಿಯುತ್ತಾ ಅವನೇ ಬಾಯಿ ಬಿಟ್ಟ. "ಹದಿನೇಳು ಎಲ್ಲಿದೆ ಗೊತ್ತಾ ಮಾರ್ಲೀನ್? ಪ್ರೌಟಿ ಹತ್ರ."

"ಯಾವ ಪ್ರೌಟಿ? ಪೊಲೀಸ್ ಪ್ರೌಟಿನಾ? ಇನ್ನೂ ಇದ್ದಾರಾ?"

"ಎಂಬತ್ತೆಂಟು. ಗಟ್ಟಿಮುಟ್ಟಾಗಿದ್ದಾನೆ. ನಾನೂರು ಡಾಲರ್ ಅಂದೆ, ಮುಖದ ಮೇಲೆ ಬಾಗಿಲು ಹಾಕ್ದ. ಇರ್ಲಿ ಬಿಡು. ಎಲ್ಲರಿಗೂ ಒಂದು ರೇಟ್ ಇದ್ದೇ ಇರುತ್ತೆ."

ಆಮೇಲೆ ಎದ್ದು ಹೋದ. ಏಳನೇ ಇನ್ನಿಂಗ್ಸ್. ಉಳಿದ ಆಟದಲ್ಲಿ ಏನಾಯಿತೋ ನನಗೂ ಸರಿಯಾಗಿ ತಲೆಗೆ ಹೋಗಲಿಲ್ಲ.

ಜೂನ್ 16, ಭಾನುವಾರ
ಹೆರನ್ಸ್ 2, ಎದುರಾಳಿ 0.

ಬರೆದೇ ಬಿಡುತ್ತೇನೆ. ನಾರ್ಬ್‌ಗೂ ಹೇಳಿಲ್ಲ ಇದನ್ನು.

ಆ ಕಾರ್ಡುಗಳನ್ನು ಯಾರೂ ಮಾರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಪೋರ್ಟ್ ಹ್ಯಾನ್ಲಿಯ ಪೊಲೀಸರು ವಾರಕ್ಕೆ ಎರಡರಂತೆ ಮಕ್ಕಳಿಗೆ ಪುಕ್ಕಟೆ ಹಂಚಿದರು. ಮಕ್ಕಳಿಗೆ ಪೊಲೀಸರ ಭಯ ಹೋಗಲಿ ಎಂದು. ಒಂದೇ ಷರತ್ತು, ಹತ್ತಿರ ಹೋಗಿ ಬಾಯಿಬಿಟ್ಟು ಕೇಳಬೇಕು. ನಮ್ಮ ಬೀದಿಯ ಆಫೀಸರ್ ಪ್ರೌಟಿ ಇನ್ನೊಂದು ಸೇರಿಸಿದ್ದರು: ನಿನ್ನೆಯ ಸ್ಕೋರ್ ಹೇಳಬೇಕು.

ಆಗಸ್ಟ್ 10. ನನಗೆ ಹತ್ತು ವರ್ಷ. ಅವತ್ತು ಹಂಚುತ್ತಿದ್ದದ್ದು ಹದಿನೇಳು, ಕ್ವಿಲ್. ಹಿಂದಿನ ರಾತ್ರಿ ರೇಡಿಯೋ ಪಕ್ಕದಲ್ಲೇ ನಿದ್ದೆ ಹೋಗಿದ್ದೆ, ಎಂಟನೇ ಇನ್ನಿಂಗ್ಸ್‌ನಲ್ಲಿ, ನಾವು ಮುಂದಿದ್ದಾಗ. ಹೋಗಿ ಎದೆಯುಬ್ಬಿಸಿ ಹೇಳಿದೆ, "ಎರಡು–ಒಂದು, ಗೆದ್ವಿ!" ಸಾಲಿನಲ್ಲಿದ್ದ ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಪ್ರೌಟಿ ನಗಲಿಲ್ಲ. "ನಾಳೆ ಬಾ" ಎಂದರು.

ಹೋಗಲಿಲ್ಲ. ನಾಚಿಕೆಯಿಂದ ಸತ್ತೇ ಹೋಗಿದ್ದೆ. ಮರುದಿನ ಕ್ವಿಲ್‌ನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಅವನ ಕಾರ್ಡು ಹಂಚಬೇಡಿ, ವಾಪಸ್ ಕಳಿಸಿ ಎಂದು ಆರ್ಡರ್ ಬಂತು. ಅಲ್ಲಿಗೆ ಮುಗಿಯಿತು.

ಅವತ್ತು ಶುರು ಮಾಡಿದ್ದು ಈ ಡೈರಿ. ಮೊದಲ ಸಾಲು ಸ್ಕೋರ್. ಒಂದು ಆಟವೂ ಬಿಟ್ಟಿಲ್ಲ. ಹೆರಿಗೆ ವಾರ್ಡಿನಲ್ಲೂ ಬರೆದಿದ್ದೇನೆ.

ಜೂನ್ 29, ಶನಿವಾರ
ಹೆರನ್ಸ್ 5, ಎದುರಾಳಿ 7.

ಪ್ರೌಟಿಯವರ ಬೀದಿಗೆ ಹೋದೆ. ಕಾರಿನಲ್ಲೇ ಇಪ್ಪತ್ತು ನಿಮಿಷ ಕೂತೆ. ವಾಪಸ್ ಬಂದೆ.

ಇಪ್ಪತ್ತಾರು ವರ್ಷ ಸ್ಕೂಲ್ ಬಸ್ ಓಡಿಸಿದವಳು ನಾನು. ಒಂದು ಸಲ ಗದರಿದರೆ ನಲವತ್ತೆಂಟು ಪಿಳ್ಳೆಗಳು ಗಪ್‌ಚುಪ್. ಥೂ ನನ್ನ!

ಜುಲೈ 6, ಶನಿವಾರ
ಹೆರನ್ಸ್ 4, ಎದುರಾಳಿ 3.

ವೆಂಡೆಲ್ ಮತ್ತೆ ಹೋಗಿದ್ದನಂತೆ. ಈ ಸಲ ಹಸ್ತಾಕ್ಷರ ಇರುವ ಬ್ಯಾಟು ಹಿಡಿದುಕೊಂಡು. ಮತ್ತೆ ಬಾಗಿಲು ಬಿತ್ತು.

"ಮುಂದಿನ ವಾರ ಎಂಟುನೂರು ಅಂತೀನಿ," ಎಂದ. "ನೀನು ಏನ್ ಕೊಡ್ತೀಯ? ನಿನ್ನ ಬಸ್ಸಾ?" ಎಂದು ಹಲ್ಲು ಕಿರಿದ.

ನನ್ನ ಕೈಲಿದ್ದ ಸಾಸಿವೆ ಸಾಸಿನ ಬಾಟಲಿ ಅವನ ಮಡಿಲಲ್ಲಿ ಬಿತ್ತು. ಕೈ ಜಾರಿತು ಎಂದೆ. ಜಾರಿರಲಿಲ್ಲ.

ಮನೆಗೆ ಬರುವಾಗ ಹೊಳೆಯಿತು. ಹೋದವರೆಲ್ಲ ಬೆಲೆ ಹೇಳಿದ್ದಾರೆ. ಪ್ರೌಟಿಯವರನ್ನು ಬಾಯಿಬಿಟ್ಟು *ಕೇಳಿದವರೇ* ಇಲ್ಲವಲ್ಲ!

ಜುಲೈ 13, ಶನಿವಾರ, ಬೆಳಿಗ್ಗೆ 11
ನಿನ್ನೆ: ಹೆರನ್ಸ್ 1, ಎದುರಾಳಿ 9. ಮಾನ ಹೋಯಿತು.

ಹೋಗಿ ಬಂದೆ!!

ಪ್ರೌಟಿ ಜಗಲಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದರು. ನಾನು ಮೆಟ್ಟಿಲು ಹತ್ತುವ ಮೊದಲೇ ತಲೆಯೆತ್ತದೆ, "ಮಾರಾಟಕ್ಕಿಲ್ಲ."

"ಕೊಂಡ್ಕೊಳ್ಳೋಕೆ ಬಂದಿಲ್ಲ ಸರ್. ಕಾರ್ಡ್ ಕೇಳೋಕೆ ಬಂದೆ."

ಬೀನ್ಸ್ ಮುರಿಯುವ ಕೈ ನಿಂತಿತು. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಹಾಗೋ. ನಿನ್ನೆ ಸ್ಕೋರ್ ಎಷ್ಟು?"

"ಒಂಬತ್ತು–ಒಂದು. ಸೋತ್ವಿ. ಆದ್ರೆ ನಾನು ಹೇಳ್ಬೇಕಾಗಿರೋದು ಅದಲ್ಲ ಸರ್. 1979, ಆಗಸ್ಟ್ ಹತ್ತನೇ ತಾರೀಕು ನೀವು ಕೇಳಿದ್ರಿ. ನಾನು ತಪ್ಪು ಹೇಳ್ದೆ." ಹಳೇ ಡೈರಿ ಕೈಯಲ್ಲಿತ್ತು, ತೆರೆಯಬೇಕಾಗಲಿಲ್ಲ. "ಮೂರು–ಎರಡು. ಸೋತಿದ್ವಿ. ಹದಿನಾಲ್ಕು ಇನ್ನಿಂಗ್ಸ್."

"ಕೊನೇ ರನ್ ಹೇಗೆ ಬಂತು?"

"ನಮ್ಮ ಕ್ಯಾಚರ್ ಕೈ ತಪ್ಪಿ ಚೆಂಡು ಹಿಂದಕ್ಕೆ ಹೋಯ್ತು ಸರ್. ಮೂರನೇ ಬೇಸಿನಲ್ಲಿದ್ದ ಅವರ ಕಡೆಯೋನು ಓಡಿ ಬಂದು ರನ್ ಮುಗಿಸಿಬಿಟ್ಟ."

ಆಮೇಲೆ ಮುದುಕರ ಹೊಟ್ಟೆ ಕುಣಿಯತೊಡಗಿತು. ನಗು. "ನಾಳೆ ಬಾ ಅಂದಿದ್ನಲ್ಲಮ್ಮಾ! ಇಷ್ಟು ಲೇಟಾ ಮಾಡೋದು?"

ಒಳಗೆ ಹೋಗಿ ಬಿಸ್ಕತ್ ಡಬ್ಬಿ ತಂದರು. ಕ್ವಿಲ್ ಕಾರ್ಡು ವಾಪಸ್ ಕಳಿಸಿ ಎಂದು ಆರ್ಡರ್ ಬಂದಾಗ ಕೆಲವನ್ನು ಟೋಪಿಯೊಳಗೆ ಅಡಗಿಸಿದ್ದರಂತೆ. "ನಾಳೆ ಬಾ ಅಂತ ಮಕ್ಕಳಿಗೆ ಹೇಳಿದ್ದೆ. ಬಂದಾಗ ಬರಿಗೈಲಿ ಕಳ್ಸೋಕಾಗುತ್ತಾ?"

ಲೆಸ್ಟರ್ ಕ್ವಿಲ್. ಮೂಲೆ ನಾಲ್ಕೂ ಚೂಪು. ಕೈಗೆ ಬಂದ ತಕ್ಷಣ ಅತ್ತುಬಿಟ್ಟೆ. ಅವರು ಬೀನ್ಸಿನ ಪಾತ್ರೆ ನನ್ನ ಕಡೆ ತಳ್ಳಿದರು. ಇಬ್ಬರೂ ಕೂತು ಪೂರ್ತಿ ಮುರಿದೆವು.

ಮನೆಗೆ ಬಂದ ತಕ್ಷಣ ನಾರ್ಬ್‌ಗೆ ಎಲ್ಲ ಹೇಳಿದೆ. ಅವನು ಏನೂ ಛೇಡಿಸಲಿಲ್ಲ. ನಾನು ಕಾರ್ಡನ್ನು ಹದಿನೇಳರ ಖಾಲಿ ಜಾಗದಲ್ಲಿ ಇಡುವಾಗ ಆಲ್ಬಂ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ.

ಜುಲೈ 28, ಭಾನುವಾರ. ಸ್ಟೇಡಿಯಂನಲ್ಲೇ ಬರೆಯುತ್ತಿದ್ದೇನೆ
ಹೆರನ್ಸ್ ... ಎದುರಾಳಿ ... (ತಡಿ.)

ಗಾಜಿನ ಪೆಟ್ಟಿಗೆ. ಇಪ್ಪತ್ನಾಲ್ಕೂ. ಹಿತ್ತಾಳೆಯಲ್ಲಿ ಮಾರ್ಲೀನ್ ಹ್ರುಷ್ಕಾ. ಬೆರಳಿನಿಂದ ಮುಟ್ಟಿ ನೋಡಿದೆ, ಮೂರು ಸಲ. ಪ್ರೌಟಿಯವರನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದಾರೆ. ಟೋಪಿ ಎತ್ತಿ ನನ್ನ ಕಡೆ ಬೀಸಿದರು. ನಾನೂ ಬೀಸಿದೆ, ಬೀಸುತ್ತಲೇ ಇದ್ದೆ.

ವೆಂಡೆಲ್ ಬಂದ. ಮುಖದಲ್ಲಿ ಕಳೆಯೇ ಇಲ್ಲ. "ಎಷ್ಟು ಕೊಟ್ಟೆ? ನಿಜ ಹೇಳು."

"ಕಾಸಿಲ್ಲ. ಕೇಳ್ದೆ, ಕೊಟ್ರು. ಇನ್ನೂ ಎರಡಿವೆ ಡಬ್ಬೀಲಿ."

"ಎರಡಾ!" ಸೀಟಿನ ಅಂಚಿಗೆ ಬಂದ. "ಏನ್ ಮಾಡ್ಬೇಕೇ ಮಾರಾಯ್ತಿ?"

"ನಾಳೆ ಹೋಗು. ಇವತ್ತಿನ ಸ್ಕೋರ್ ಕೇಳ್ತಾರೆ. ಫೋನ್ ನೋಡ್ಕೊಂಡು ಹೋದ್ರೆ ನಡೆಯಲ್ಲಪ್ಪಾ, ಕೊನೇ ರನ್ ಹೇಗೆ ಬಂತು ಅಂತಾನೂ ಕೇಳ್ತಾರೆ."

ಏಳನೇ ಇನ್ನಿಂಗ್ಸ್ ಮುಗಿಯಿತು. ವೆಂಡೆಲ್ ಕಾರಿನ ಕೀಲಿ ತೆಗೆದ. ಪಾರ್ಕಿಂಗ್ ಕಡೆ ನೋಡಿದ. ಕೀಲಿ ಜೇಬಿಗೆ ಹಾಕಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ!

ಒಂಬತ್ತು ಮುಗಿಯಿತು, ಸಮ, ಆಟ ಮುಂದುವರಿಯಿತು. 5–5. ಹತ್ತು, ಹನ್ನೊಂದು. ಬಿಸಿಲು ನೆತ್ತಿ ಸುಡುತ್ತಿದೆ. ವೆಂಡೆಲ್ ಉಗುರು ಕಚ್ಚುತ್ತಾ ನನ್ನ ಕಡ್ಲೆಕಾಯೆಲ್ಲ ತಿಂದು ಮುಗಿಸಿದ. "ಯಾವಾಗ್ಲೂ ಹಿಂಗೇನಾ ಇದು? ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ?"

ಹನ್ನೆರಡನೆಯದು. ಎರಡು ಔಟು. ಮೂರನೇ ಬೇಸಿನಲ್ಲಿ ನಮ್ಮವನು. ಪ್ರೌಟಿ ಕೋಲೂರಿ ಎದ್ದು ನಿಂತಿದ್ದಾರೆ. ಪಿಚರ್ ಎಸೆದ— ಅಯ್ಯೋ, ಚೆಂಡು ಮಣ್ಣಿಗೆ ಬಿತ್ತು, *ಅವರ* ಕ್ಯಾಚರ್ ಕೈ ತಪ್ಪಿತು, ಹಿಂದಕ್ಕೆ ಹೋಯಿತು, ನಮ್ಮವನು ಓಡುತ್ತಿದ್ದಾನೆ, ವೆಂಡೆಲ್ ನನ್ನ ತೋಳು ಹಿಡಿದು ಕೂಗುತ್ತಿದ್ದಾನೆ, ಬರೆಯೋಕೆ ಆಗ್ತಿಲ್ಲ—